ಪಾಯದ ಕಾಂಕ್ರೀಟಿಗೆ ನೀರು ಬೆರೆಸಬೇಡಿ

ಮಾನ್ಯ ಸಂಪಾದಕರೇ,

ನೆಲಮಾಳಿಗೆಯಿರುವ ದೊಡ್ಡ ಕಟ್ಟಡಕ್ಕೆ ರಾಫ್ಟ್ ಪಾಯ (ಇಡೀ ಕಟ್ಟಡದ ಅಡಿಗೆ ಹರಡುವ ಒಂದೇ ದಪ್ಪ ಚಪ್ಪಡಿ) ಹಾಕುವಾಗ ನೂರಾರು ಘನ ಮೀಟರ್ ಕಾಂಕ್ರೀಟು ಎಡೆಬಿಡದೆ ಬೀಳಬೇಕು. ನಡುವೆ ತಡವಾದರೆ ಹಳೆಯ ಪದರ ಗಟ್ಟಿಯಾಗಿ, ಹೊಸದು ಅದಕ್ಕೆ ಬೆಸೆಯದೆ ಕೋಲ್ಡ್ ಜಾಯಿಂಟ್ ಆಗುತ್ತದೆ, ಮುಂದೆ ಅಲ್ಲಿಂದಲೇ ನೀರು ಜಿನುಗುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಮಿಕ್ಸರ್ ಲಾರಿ ಸಿಕ್ಕಿಕೊಂಡರೆ ಮಾಲು ಬಿಗಿಯಾಗುತ್ತದೆ, ಪಂಪು ಎಳೆಯುವುದಿಲ್ಲ. ಆಗ ಡ್ರಮ್ಮಿಗೆ ಪೈಪು ಇಟ್ಟು ನೀರು ಬಿಡುವುದು ಹಲವು ಕಡೆ ರೂಢಿಯಾಗಿಬಿಟ್ಟಿದೆ.

ಲೆಕ್ಕ ಹಾಕಿ ನೋಡಿ. 6 ಘನ ಮೀಟರ್ ಲಾರಿಯಲ್ಲಿ ಘನ ಮೀಟರಿಗೆ 350 ಕೆ.ಜಿ.ಯಂತೆ 2,100 ಕೆ.ಜಿ. ಸಿಮೆಂಟು. ನೀರು–ಸಿಮೆಂಟಿನ ಅನುಪಾತ 0.45 ಇದ್ದರೆ ನೀರು 945 ಲೀಟರ್. ಮೇಲೆ 150 ಲೀಟರ್ ಬಿಟ್ಟರೆ ಅನುಪಾತ 0.52ಕ್ಕೆ ಏರುತ್ತದೆ. ಮಣ್ಣಿನಲ್ಲಿ ಹಾನಿಕರ ಲವಣ ಇಲ್ಲದಿದ್ದರೂ ಪಾಯದ ಆರ್‌ಸಿಸಿಗೆ ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456 ಕೊಟ್ಟಿರುವ ಮಿತಿ 0.50. ಹೆಚ್ಚಾದ ನೀರು ಮೇಲಕ್ಕೆ ಬಂದು, ಕಾಂಕ್ರೀಟು ಕೆಳಗೆ ಕೂತು, ಮೇಲಿನ ಕಂಬಿಗಳ ಗುಂಟ ಬಿರುಕು ಬಿಡುತ್ತದೆ. ಕಂಬಿಯ ಅಡಿಯಲ್ಲಿ ಟೊಳ್ಳು ಉಳಿದು ಹಿಡಿತ ತಪ್ಪುತ್ತದೆ. ಗುಂಡಿಯಲ್ಲಿ ನಿಂತ ಮಳೆನೀರನ್ನು ತೆಗೆಯದೆ ಅದರ ಮೇಲೆಯೇ ಸುರಿದರೂ ಇದೇ ಗತಿ.

ಹೀಗೆ ನೀರು ಬೆರೆಸಿದ್ದು ಕ್ಯೂಬ್ (ಬಲ ಪರೀಕ್ಷಿಸಲು ಅಚ್ಚಿನಲ್ಲಿ ತುಂಬುವ ಕಾಂಕ್ರೀಟಿನ ಘನ) ವರದಿಯಲ್ಲಿ ಕಾಣುವುದೇ ಇಲ್ಲ ಎಂಬುದೇ ನಮ್ಮ ದೊಡ್ಡ ಆತಂಕ. 150 ಮಿ.ಮೀ. ಅಚ್ಚುಗಳನ್ನು ಲಾರಿ ಬಂದ ಕೂಡಲೇ ತುಂಬಿಸುತ್ತಾರೆ, ನೀರು ಬೀಳುವುದು ಆಮೇಲೆ. 28 ದಿನದ ಫಲಿತಾಂಶ ಚೆನ್ನಾಗಿಯೇ ಬರುತ್ತದೆ, ಆದರೆ ಅದು ಪಾಯದಲ್ಲಿರುವ ಕಾಂಕ್ರೀಟಿನದಲ್ಲ. 600 ಘನ ಮೀಟರಿಗೆ ಐಎಸ್ 456 ಪ್ರಕಾರ ಕನಿಷ್ಠ 15 ಮಾದರಿ, ಒಂದೊಂದಕ್ಕೆ 3 ಕ್ಯೂಬು ಬೇಕು. ಅವನ್ನೆಲ್ಲ ಮೊದಲ ನಾಲ್ಕೈದು ಲಾರಿಯಲ್ಲೇ ಮುಗಿಸಿ ಕೈತೊಳೆದುಕೊಳ್ಳಬಾರದು.

ಪರಿಹಾರ ಕಷ್ಟದ್ದೇನಲ್ಲ. ದಾರಿಯ ಹೊತ್ತನ್ನು ಮೊದಲೇ ಅಂದಾಜಿಸಿ, ಗಟ್ಟಿಯಾಗುವುದನ್ನು ನಿಧಾನಿಸುವ ರಿಟಾರ್ಡರ್ ಅನ್ನು ಮಿಕ್ಸ್ ಡಿಸೈನ್‌ನಲ್ಲೇ (ಮಿಶ್ರಣದ ಪ್ರಮಾಣದ ಲೆಕ್ಕದಲ್ಲೇ) ಸೇರಿಸಲಿ. ಸುರಿಯುವ ಕೆಲಸ ರಾತ್ರಿಗೆ ಇರಲಿ, ಬಿಸಿಲಿನ ಕಾಟವೂ ತಪ್ಪುತ್ತದೆ. ಸೈಟಿನಲ್ಲಿ ಸ್ಲಂಪ್ (ಮಾಲು ಎಷ್ಟು ಸಡಿಲವಾಗಿದೆ ಎಂಬ ಅಳತೆ) ಕಡಿಮೆ ಬಂದರೆ ಕಾಂಕ್ರೀಟು ತಯಾರಿಸುವ ಪ್ಲಾಂಟಿನ ತಂತ್ರಜ್ಞರೇ, ನೀರು ಸೇರಿಸದೆ ಮಾಲನ್ನು ಸಡಿಲಿಸುವ ಪ್ಲಾಸ್ಟಿಸೈಜರ್ ಅನ್ನು ಅಳತೆಯಂತೆ ಹಾಕಿ, ಡ್ರಮ್ಮನ್ನು ಜೋರಾಗಿ ತಿರುಗಿಸಿ, ಮತ್ತೆ ಸ್ಲಂಪ್ ನೋಡಲಿ. ಪ್ಲಾಂಟಿನಲ್ಲಿ ತುಂಬಿ 2 ಗಂಟೆ ದಾಟಿದ ಮಾಲನ್ನು, ಹೆಚ್ಚು ಹೊತ್ತಿಗೆಂದೇ ಡಿಸೈನ್ ಮಾಡಿರದಿದ್ದರೆ, ವಾಪಸು ಕಳುಹಿಸಬೇಕು. ಒಂದು ಲಾರಿಯ ನಷ್ಟ ಉಳಿಸಲು ಹೋಗಿ ಪಾಯವನ್ನೇ ಕೆಡಿಸಿಕೊಂಡರೆ ಆಮೇಲೆ ರಿಪೇರಿಗೆ ಕೈ ಹೋಗುವ ಜಾಗವಲ್ಲ ಅದು.

ಪ್ರತಿ ಲಾರಿ ತುಂಬಿದ ಹೊತ್ತು, ಬಂದ ಹೊತ್ತು, ಸ್ಲಂಪ್, ಕ್ಯೂಬ್ ಸಂಖ್ಯೆ, ರಾಫ್ಟಿನ ಯಾವ ಭಾಗಕ್ಕೆ ಸುರಿಯಿತು ಎಂಬುದನ್ನು ಬರೆದಿಟ್ಟ ರಿಜಿಸ್ಟರ್ ಪ್ರತಿ ಸೈಟಿನಲ್ಲೂ ಇರಬೇಕು. ಫ್ಲ್ಯಾಟ್ ಕೊಳ್ಳುವವರು ಕೇಳಿದರೆ ಬಿಲ್ಡರುಗಳು ಅದನ್ನು ತೋರಿಸಬೇಕು.

— ಕಟ್ಟಡ ಕಾಮಗಾರಿಯ ಎಂಜಿನಿಯರುಗಳು, ಬೆಂಗಳೂರು