ಚರ್ಚ್ ಕಟ್ಟಡದ ಷೇರು ಕೊಳ್ಳುವ ಮುನ್ನ

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ: ಪ್ರಾರ್ಥನೆ ನಿಂತುಹೋದ ಚರ್ಚನ್ನು ಷೇರು ಹಣ ಕೂಡಿಸಿ ಸಂಗೀತ, ನಾಟಕ, ಸಭೆಗಳ ತಾಣವಾಗಿಸಲು ಬ್ರಿಟನ್ನಿನ 2014ರ ಸಹಕಾರಿ ಮತ್ತು ಸಮುದಾಯ ಹಿತ ಸಂಘಗಳ ಕಾಯ್ದೆಯಡಿ ನಾವು ಸಂಘವನ್ನು ನೋಂದಾಯಿಸಿದರೆ, ಯಾರು ಎಷ್ಟೇ ಷೇರು ಕೊಂಡರೂ ಒಬ್ಬರಿಗೆ ಒಂದೇ ಮತವಿರುತ್ತದೆ, ಈ ಸಮಾನತೆಗಾಗಿಯೇ ನಾನು ಈ ದಾರಿಯನ್ನು ಬೆಂಬಲಿಸುತ್ತೇನೆ. ಷೇರಿನ ಬೆಲೆ ಏರುವುದಿಲ್ಲ, ಹಣ ಮುಳುಗುವ ಸಾಧ್ಯತೆಯೂ ಇದೆ ಎಂಬುದನ್ನು ದಯವಿಟ್ಟು ಮರೆಯದಿರಿ.

ಕಟ್ಟಡದ ಸಮೀಕ್ಷೆಯಲ್ಲಿ ಚಾವಣಿ ಮತ್ತು ಮಳೆನೀರು ಹರಿದುಹೋಗುವ ದೋಣಿಗಳನ್ನು ಮೊದಲು ನೋಡಿಸಬೇಕು. ಹಳೆಯ ಕಲ್ಲುಗೋಡೆಯ ಸಂದುಗಳಿಗೆ ಸಿಮೆಂಟ್ ಮೆತ್ತಿದ್ದರೆ ತೇವವು ಒಳಗೇ ಉಳಿದು, ಕಲ್ಲಿನ ಮೈ ಪದರಪದರವಾಗಿ ಉದುರುತ್ತದೆ; ಅಲ್ಲಿಗೆ ಸುಣ್ಣದ ಗಾರೆಯೇ ಸರಿ. ಅಟ್ಟದಲ್ಲಿ ಬಾವಲಿಗಳಿದ್ದರೆ ಅವುಗಳಿಗೆ ಕಾನೂನಿನ ರಕ್ಷಣೆಯಿರುವುದರಿಂದ ಕೆಲಸದ ವೇಳಾಪಟ್ಟಿಯೇ ಬದಲಾಗಬಹುದು. ಚರ್ಚಿನ ಆವರಣದ ಸಮಾಧಿಗಳಿಗೆ ಕುಟುಂಬದವರು ಬಂದುಹೋಗುವ ಹಕ್ಕನ್ನು ಕರಾರಿನಲ್ಲಿಯೇ ಬರೆಯಿಸೋಣ. ಪ್ರಶ್ನೆಗಳಿದ್ದರೆ ಸಭೆಗೆ ಮೊದಲೇ ಇಲ್ಲಿ ತಿಳಿಸಿ.