ಆ ಸಂಖ್ಯೆ ಅವಿಭಾಜ್ಯವಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ಮೊಮ್ಮಗಳು ಒಂದು ಗಣಿತದ ಪುಸ್ತಕ ಹಿಡಿದು ಬಂದಳು. ಅದರಲ್ಲಿ 4,29,49,67,297 ಅವಿಭಾಜ್ಯ ಸಂಖ್ಯೆ ಎಂದು ಅಚ್ಚಾಗಿತ್ತು. ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಸುಮ್ನೆ ಇರಲು ಆಗಲಿಲ್ಲ.

2ರ 32ನೇ ಘಾತಕ್ಕೆ 1 ಕೂಡಿಸಿದರೆ ಈ ಸಂಖ್ಯೆ ಬರುತ್ತದೆ. ಘಾತ 1, 2, 4, 8, 16 ಎಂದು ಇಮ್ಮಡಿಯಾಗುತ್ತಾ ಹೋಗುವ ಇದೇ ಸಾಲಿನಲ್ಲಿ ಇದಕ್ಕಿಂತ ಹಿಂದಿನ 3, 5, 17, 257, 65537 ಎಲ್ಲವೂ ಅವಿಭಾಜ್ಯಗಳೇ. ಮುಂದಿನವೂ ಹಾಗೇ ಎಂದು ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. ಅಂಥ ದೊಡ್ಡವರೂ ಎಡವಿದ್ದು ಇಲ್ಲೇ. 1732ರಲ್ಲಿ ಗಣಿತಜ್ಞ ಆಯ್ಲರ್ ಇದು 641ರಿಂದ ಭಾಗವಾಗುತ್ತದೆ ಎಂದು ತೋರಿಸಿದರು.

ನಾವಿಬ್ಬರೂ ಹಳೇ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. 2ರ 16ನೇ ಘಾತ 65536. ಅದನ್ನು 641ರಿಂದ ಭಾಗಿಸಿದರೆ ಶೇಷ 154. 2ರ 32ನೇ ಘಾತ ಎಂದರೆ 65536ರ ವರ್ಗ, ಹಾಗಾಗಿ ಶೇಷವನ್ನೇ ವರ್ಗ ಮಾಡಿದರೆ ಸಾಕು. 154ರ ವರ್ಗ 23716. ಅದನ್ನೂ 641ರಿಂದ ಭಾಗಿಸಿದರೆ ಶೇಷ 640. ಕೊನೆಯ ಆ 1 ಕೂಡಿಸಿದರೆ ಸರಿಯಾಗಿ 641, ಅಲ್ವಾ? ಹುಡುಗಿ ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. ಹತ್ತಂಕಿಯ ಸಂಖ್ಯೆಯನ್ನು ಮುಟ್ಟದೆಯೇ ಅದರ ಗುಟ್ಟು ಸಿಕ್ಕಿತ್ತು! ಇನ್ನೊಂದು ಅಪವರ್ತನ 6700417. ಅದು ಅವಿಭಾಜ್ಯವೇ.

641 ಕಣ್ಣುಮುಚ್ಚಿ ಸಿಕ್ಕಿದ್ದಲ್ಲ. ಆ ಹತ್ತಂಕಿಯ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಅಂಥವು 193, 257, 449, 577. ಐದನೆಯದೇ 641.

ಮಕ್ಕಳ ಪುಸ್ತಕ ಬರೆಯುವವರು ಅಚ್ಚಿಗೆ ಕೊಡುವ ಮುಂಚೆ ಒಮ್ಮೆ ಭಾಗಿಸಿ ನೋಡಲಿ. ನಿಮ್ಮ ಮಕ್ಕಳ ಪುರವಣಿಯಲ್ಲೂ ವಾರಕ್ಕೊಂದು ಇಂಥ ಸಂಖ್ಯೆಗೆ ನಾಲ್ಕು ಸಾಲು ಜಾಗ ಕೊಡಿ. ಬರೆದುಕೊಡಲು ನಾನು ಸಿದ್ಧಳಿದ್ದೇನೆ.

— ನಿವೃತ್ತ ಗಣಿತ ಶಿಕ್ಷಕಿ