ಕಂಬದ ಒಂದೇ ಮುಖ ಅಳೆದು ರಿಪೋರ್ಟ್ ಬರೀಬೇಡಿ

ಮಾನ್ಯ ಸಂಪಾದಕರೇ,

ಮುಂಬಯಿಯಲ್ಲಿ 30 ವರ್ಷ ದಾಟಿದ ಬಿಲ್ಡಿಂಗಿಗೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ, ಹಾಗಾಗಿ ಮುಲುಂಡ್‌ನಲ್ಲಿರೋ ನಮ್ಮ ಸೊಸೈಟಿಗೂ ಹೋದ ಮೇ ತಿಂಗಳಲ್ಲಿ ಆಡಿಟ್‌ನವ್ರು ಬಂದಿದ್ರು. ಕೈಯಲ್ಲಿ ಕಾಂಕ್ರೀಟ್ ಕರೆಂಟನ್ನ ಎಷ್ಟು ತಡೆಯುತ್ತೆ ಅಂತ ಅಳೆಯೋ, ಸಾಲಾಗಿ ನಾಲ್ಕು ಮೊನೆ ಇರೋ ಒಂದು ಮೀಟರ್, ಅದನ್ನ ಕಂಬಕ್ಕೆ ಒತ್ತಿದ್ರು, 22 ಅಂತ ಬಂತು, ಬರ್ಕೊಂಡು ಮುಂದಿನ ಕಂಬಕ್ಕೆ ಹೋದ್ರು. ಒಂದು ಕಂಬಕ್ಕೆ ಒಂದೇ ಸಲ, ಅದೂ ಪಾರ್ಕಿಂಗ್ ಕಡೆ ಕೈಗೆ ಸಿಗೋ ಮುಖಕ್ಕೆ ಮಾತ್ರ. ರಿಪೋರ್ಟಲ್ಲಿ ತುಕ್ಕಿನ ಭಯ ಕಮ್ಮಿ ಅಂತ ಬಂತು. ಆಗಸ್ಟಲ್ಲಿ ಅದೇ ಕಂಬದ ಹಿಂದುಗಡೆ, ಡ್ರೈನೇಜ್ ಪೈಪ್ ಸೋರೋ ಜಾಗದಲ್ಲಿ, ಪ್ಲಾಸ್ಟರ್ ಹಪ್ಪಳದ ಥರ ಕಳಚಿ ಮಕ್ಕಳ ಸೈಕಲ್ ಮೇಲೆ ಬಿತ್ತು, ಒಳಗಿನ ರಾಡ್ ಉಬ್ಬಿ ಪದರ ಪದರ ಆಗಿತ್ತು, ಉಗುರಲ್ಲಿ ಕೆರೆದ್ರೆ ಉದುರ್ತಿತ್ತು.

ಮೀಟರ್ ಸುಳ್ಳು ಹೇಳ್ಲಿಲ್ಲ. ಹೊರಗಿನ ಎರಡು ಮೊನೆ ಕರೆಂಟ್ ಬಿಡ್ತವೆ, ನಡುವಿನ ಎರಡು ವೋಲ್ಟೇಜ್ ನೋಡ್ತವೆ, ಕಾಂಕ್ರೀಟ್ ಒಳಗೆ ನೀರು ಉಪ್ಪು ಸೇರಿದಷ್ಟೂ ಕರೆಂಟ್ ಸಲೀಸಾಗಿ ಹರಿದು ನಂಬರ್ ಇಳಿಯುತ್ತೆ. ಆ ನಂಬರ್ 20 ಕಿಲೋಓಮ್ ಸೆಂಟಿಮೀಟರ್‌ಗಿಂತ ಮೇಲಿದ್ರೆ ತುಕ್ಕು ನಿಧಾನ, 5ಕ್ಕಿಂತ ಕೆಳಗೆ ಬಂದ್ರೆ ಬಹಳ ಜೋರು. ಆದ್ರೆ ಮೊನೆಗಳ ನಡುವೆ 5 ಸೆಂಟಿಮೀಟರ್ ಇದ್ರೆ ಅದು ನೋಡೋದೂ ಹೆಚ್ಚುಕಮ್ಮಿ ಅಷ್ಟೇ ಆಳ, ಕಂಬದ ಆಚೆ ಮುಖದ ಸುದ್ದಿ ಅದಕ್ಕೆ ಎಲ್ಲಿಂದ ಗೊತ್ತಾಗ್ಬೇಕು. ರಾಡಿನ ನೇರ ಮೇಲೆ ಇಟ್ರೂ ಲೆಕ್ಕ ತಪ್ಪುತ್ತೆ.

ನಾನು ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿ ರಿಟೈರ್ ಆದವ್ನು, ಅದಕ್ಕೇ ಇಷ್ಟು ಸಂಕಟ. ಹೊರಗಿಂದ ಮುಟ್ಟಿ ಒಳಗಿಂದು ತಿಳ್ಕೋಬಹುದಾ ಅನ್ನೋ ಪ್ರಶ್ನೆಯನ್ನ ಗಣಿತದಲ್ಲಿ ಸರಿಯಾಗಿ ಎತ್ತಿದ್ದು ಆಲ್ಬರ್ಟೊ ಕಾಲ್ಡೆರಾನ್, 1980ರಲ್ಲಿ. ಅವ್ರು ಯುವಕರಾಗಿದ್ದಾಗ ಅರ್ಜೆಂಟೀನಾದ ಸರ್ಕಾರಿ ತೈಲ ಕಂಪನೀಲಿ ಇಂಜಿನಿಯರ್ ಆಗಿದ್ರು, ನೆಲದ ಮೇಲಿಂದ ಕರೆಂಟ್ ಬಿಟ್ಟು ಒಳಗೇನಿದೆ ಅಂತ ತಿಳಿಯೋ ಯೋಚನೆ ಆಗಲೇ ಹತ್ತಿತ್ತು. 1987ರಲ್ಲಿ ಸಿಲ್ವೆಸ್ಟರ್, ಉಲ್ಮನ್ ಅನ್ನೋ ಇಬ್ರು ಗಣಿತಜ್ಞರು ಸೇರಿ ತಿಳ್ಕೋಬಹುದು ಅಂತ ಸಾಧಿಸಿ ತೋರಿಸಿದ್ರು, ಆದ್ರೆ ಒಳಗೆ ಕರೆಂಟ್ ಹರಿಯೋ ಗುಣ ಒಮ್ಮೆಲೇ ಬದಲಾಗದೆ ನಯವಾಗಿ ಬದಲಾಗ್ತಿರ್ಬೇಕು, ಮೈಯೆಲ್ಲಾ ಸುತ್ತಿ ಎಲ್ಲ ಥರದ ವೋಲ್ಟೇಜ್ ಕೊಟ್ಟು ಅಳೀಬೇಕು. ಅಷ್ಟೆಲ್ಲಾ ಅಳೆದ್ರೂ ಹೊರಗೆ ಎಳ್ಳಷ್ಟು ತಪ್ಪಿದ್ರೆ ಒಳಗಿನ ಚಿತ್ರ ಎಲ್ಲಿಂದೆಲ್ಲಿಗೋ ಹೋಗುತ್ತೆ, ಹಾಗಿರೋವಾಗ ಒಂದು ನಂಬರ್ ಹಿಡ್ಕೊಂಡು ಇಡೀ ಕಂಬಕ್ಕೆ ಸರ್ಟಿಫಿಕೇಟ್ ಕೊಡೋದು ಹೇಗೆ?

ಮುಂಬಯಿ, ಠಾಣೆಯ ಸೊಸೈಟಿ ಕಮಿಟಿಗಳಲ್ಲಿ ನಮ್ಮ ಕನ್ನಡದವ್ರು ಎಷ್ಟೋ ಜನ ಇದ್ದೀರಿ. ಆಡಿಟ್ ರಿಪೋರ್ಟ್ ಬಂದಾಗ ಕೊನೇ ಪುಟ ಮಾತ್ರ ನೋಡಿ ಸಹಿ ಹಾಕ್ಬೇಡಿ, ಯಾವ ಕಂಬ, ಯಾವ ಮುಖ, ಎಷ್ಟು ಎತ್ತರ, ಗೋಡೆ ಒದ್ದೆ ಇತ್ತಾ ಒಣಗಿತ್ತಾ, ಎಲ್ಲಾ ನಂಬರ್ ನಕ್ಷೆ ಜೊತೆ ಕೇಳಿ. ಅನುಮಾನ ಬಂದಲ್ಲಿ ಪ್ಲಾಸ್ಟರ್ ಒಡೆದು ರಾಡ್ ನೋಡ್ಸಿ, ನಾಲ್ಕು ದುಡ್ಡು ಹೆಚ್ಚಾದ್ರೂ ಆಗ್ಲಿ.

ನಮ್ಮ ಕಂಬಾನ ಬೇರೆಯವ್ರಿಂದ ಮತ್ತೆ ಅಳೆಸಿದ್ವಿ, ನಾಲ್ಕೂ ಮುಖ, ಮೂರು ಎತ್ತರ. ಪಾರ್ಕಿಂಗ್ ಕಡೆ ಈಗ್ಲೂ 20ರ ಮೇಲೇ ಇದೆ, ಪೈಪ್ ಕಡೆ ಬಂದಿದ್ದು 4.

– ಒಬ್ಬ ಓದುಗ, ಮುಲುಂಡ್, ಮುಂಬಯಿ